ಒಂಬತ್ತನೆಯ ನಿಯಮ

ನನ್ನ ಗಂಡ ತ್ರಿವಿಕ್ರಮರಿಗೆ ನೀರಿನ ರಾಕೆಟ್ಟಿನ ಹುಚ್ಚು ಹಿಡಿದದ್ದು ೨೦೨೦ರ ಜೂನ್ ತಿಂಗಳಲ್ಲಿ. ಅದಕ್ಕೆ ಮುಂಚಿನ ಮೂರು ತಿಂಗಳು ಪೆಟಾಲಿಂಗ್ ಜಯಾ ಎಂಬ ಪರದೇಶದ ಊರಿನ ನಮ್ಮ ಫ್ಲ್ಯಾಟು ಬಿಟ್ಟು ನಾವು ಹೊರಗೆ ಕಾಲಿಟ್ಟದ್ದು ಕಡಿಮೆ. ಸೈಬರ್‌ಜಯಾದಲ್ಲಿದ್ದ ಅವರ ಆಫೀಸು ನಮ್ಮ ಮಲಗುವ ಕೋಣೆಗೆ ಬಂದು ಕೂತಿತ್ತು. ಮೂರು ಲೋಕ ಅಳೆದವನ ಹೆಸರಿಟ್ಟುಕೊಂಡ ಮನುಷ್ಯ ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡಿಗೆಮನೆಗೆ ಹೆಜ್ಜೆ ಎಣಿಸುತ್ತ ದಿನ ಕಳೆದರು. ಬೇರೆ ಮನೆಗಳ ಗಂಡಸರು ಬ್ರೆಡ್ ಸುಡಲು ಕಲಿತರು, ಗಡ್ಡ ಬಿಟ್ಟರು. ನಮ್ಮವರು ಖಾಲಿ ಬಾಟಲಿ ಕೈಗೆತ್ತಿಕೊಂಡರು.

ನೀರಿನ ರಾಕೆಟ್ ಎಂದರೆ ದೊಡ್ಡ ಸಂಗತಿಯೇನಲ್ಲ. ಒಂದೂವರೆ ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರನೇ ಒಂದು ಪಾಲು ನೀರು ಹಾಕಿ, ಬಾಯಿ ಕೆಳಗೆ ಮಾಡಿ ಒಂದು ಕೊಳವೆಯ ಮೇಲೆ ಸಿಕ್ಕಿಸುವುದು. ಸೈಕಲ್ ಪಂಪಿನಿಂದ ಗಾಳಿ ತುಂಬುವುದು. ದೂರ ನಿಂತು ಹಗ್ಗ ಎಳೆದರೆ ಹಿಡಿತ ಬಿಡುತ್ತದೆ. ಒಳಗಿನ ಗಾಳಿ ನೀರನ್ನು ಕೆಳಕ್ಕೆ ದೂಡುತ್ತದೆ, ಬಾಟಲಿ ಮೇಲಕ್ಕೆ ಹಾರುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ನಾನು ಮೈಸೂರಿನಲ್ಲಿ ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲನೇ ರಾಕೆಟ್ ಕಾವಲುಗಾರನ ಗೂಡಿನ ಮೇಲೆ ಬಿತ್ತು. ಎರಡನೆಯದು ಗಾಳಿಯಲ್ಲೇ ಎರಡು ಲಾಗ ಹಾಕಿ ಈಜುಕೊಳಕ್ಕೆ ಹೋಯಿತು. ಅದರ ಮೂತಿಯಲ್ಲಿ ತೂಕವಿಲ್ಲ, ಅದಕ್ಕೇ ಹೀಗಾಗುತ್ತಿದೆ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೆ ಎಂಟು ವರ್ಷದಿಂದ ಆ ಮನೆಯಲ್ಲಿ ನನ್ನನ್ನು ಯಾರೂ ಫಿಸಿಕ್ಸ್ ಕೇಳಿರಲಿಲ್ಲ. ನಾನಾಗಿ ಹೇಳಬಾರದೆಂಬ ಬಿಂಕದಲ್ಲಿ ಎರಡು ವಾರ ಬಾಲ್ಕನಿಯಿಂದಲೇ ನೋಡಿದೆ. ಕೊನೆಗೆ ಆರನೆಯ ರಾಕೆಟ್ ಯಾರದೋ ಕಾರಿನ ಗಾಜಿಗೆ ಬಡಿದಾಗ ತಡೆಯಲಾರದೆ, ಒಂದು ಟೆನಿಸ್ ಚೆಂಡು ಅರ್ಧ ಕತ್ತರಿಸಿ ಮೂತಿಗೆ ಅಂಟಿಸಿ ಎಂದೆ. ಅಂಟಿಸಿದರು. ಏಳನೆಯ ರಾಕೆಟ್ ನೆಟ್ಟಗೆ ಎದ್ದು ನಮ್ಮ ಎಂಟನೇ ಮಹಡಿಯನ್ನೂ ದಾಟಿ ಹೋಯಿತು. ಅಂದಿನಿಂದ ಅವರು ನನ್ನನ್ನು ಮೇಡಂ ಎಂದು ಕರೆಯತೊಡಗಿದರು. ತಮಾಷೆಗೇ ಇರಬಹುದು, ನನಗೆ ಹಿತವಾಗಿತ್ತು.

ಅವರದು ಪ್ರತಿಯೊಂದಕ್ಕೂ ನಿಯಮ ಬರೆಯುವ ಜಾತಕ. ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದದ್ದರ ಫಲ. ಸ್ಟೋರ್ ರೂಮಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಅದರಲ್ಲಿ ಎಂಟು ನಿಯಮಗಳನ್ನು ಕನ್ನಡದಲ್ಲಿ ಬರೆದಿದ್ದರು. ಗ್ಯಾಸ್ ಇರುವ ಪಾನೀಯದ ಬಾಟಲಿ ಮಾತ್ರ, ಕುಡಿಯುವ ನೀರಿನ ಬಾಟಲಿ ಕೂಡದು. ಗಾಳಿ ತುಂಬುವಾಗ ಐದು ಮೀಟರ್ ದೂರ. ಹೀಗೆ. ಅವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಎರಡನೆಯ ನಿಯಮ: ಯಾವ ಬಾಟಲಿಯನ್ನೂ ಪರೀಕ್ಷೆ ಮಾಡದೆ ಹಾರಿಸಕೂಡದು. ಬಾಟಲಿಗೆ ಕಂಠದ ತನಕ ನೀರು ತುಂಬಿ, ಬಚ್ಚಲಲ್ಲಿಟ್ಟು, ಪಂಪಿನ ಮೇಲಿನ ಒತ್ತಡದ ಮುಳ್ಳು ತೊಂಬತ್ತು ಪೌಂಡ್ ತೋರಿಸುವ ತನಕ ಪಂಪ್ ಹೊಡೆಯಬೇಕು. ಬರೀ ಗಾಳಿ ತುಂಬಿದ ಬಾಟಲಿ ಒಡೆದರೆ ಬಾಂಬು, ನೀರು ತುಂಬಿದ್ದು ಒಡೆದರೆ ನೆಲ ಒದ್ದೆ, ಅಷ್ಟೆ. ಪಾಸಾದ ಬಾಟಲಿಗೆ ಮಾರ್ಕರಿನಿಂದ ಟಿಕ್ ಹಾಕುತ್ತಿದ್ದರು. ಆ ಟಿಕ್ ಬಿದ್ದ ಮೇಲೆ ಅವರಿಗೆ ಬಾಟಲಿಯ ಮೇಲೆ ಸ್ವಂತ ತಮ್ಮನ ಮೇಲಿದ್ದಷ್ಟು ನಂಬಿಕೆ.

ಬಾಟಲಿಗಳು ಬರುತ್ತಿದ್ದದ್ದು ಎದುರು ಫ್ಲ್ಯಾಟಿನ ಸರೋಜಕ್ಕನ ಮನೆಯಿಂದ. ಅವರು ಇಲ್ಲಿಯೇ ಹುಟ್ಟಿ ಬೆಳೆದ ತಮಿಳರು. ಅವರ ಯಜಮಾನರು ಸಕ್ಕರೆ ಕಾಯಿಲೆಗೂ ಕಿತ್ತಳೆ ಸೋಡಾಕ್ಕೂ ಒಟ್ಟಿಗೆ ನಿಷ್ಠರಾಗಿದ್ದವರು. ವಾರಕ್ಕೆ ಎರಡು ಮೂರು ಖಾಲಿ ಬಾಟಲಿ ಚೀಲದಲ್ಲಿ ಹಾಕಿ ನಮ್ಮ ಬಾಗಿಲ ಹಿಡಿಗೆ ನೇತುಹಾಕುತ್ತಿದ್ದರು. ರೆಕ್ಕೆಗಳಿಗೆ ಬೇಕಾದ ಗಟ್ಟಿ ಪ್ಲಾಸ್ಟಿಕ್ ಹಾಳೆ, ದೀಪದ ಕಂಬಗಳಿಗೆ ಕಟ್ಟಿದ ಮನೆ ಬಾಡಿಗೆಯ ಬೋರ್ಡುಗಳಿಂದ ಸಿಗುತ್ತಿತ್ತು. ಆ ವರ್ಷ ಬಾಡಿಗೆಗೆ ಬರುವವರೂ ಇರಲಿಲ್ಲ, ಬೋರ್ಡು ಮಾಯವಾದರೆ ಕೇಳುವವರೂ ಇರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಗೆಳತಿ ಅನಿತಾ ಫೋನ್ ಮಾಡಿದಳು. ಮಂಗಳೂರು ಕಡೆಯವಳು, ಬಾಂಗ್ಸಾರ್‌ನಲ್ಲಿ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಇದ್ದಾಳೆ. ಅವರ ಫಿಸಿಕ್ಸ್ ಮೇಷ್ಟ್ರು ರಜೆಗೆಂದು ತಮ್ಮ ದೇಶಕ್ಕೆ ಹೋದವರು, ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದಿದ್ದರು. ಇನ್ನು ಬರುವುದಿಲ್ಲವಂತೆ. ಜನವರಿಯಿಂದ ಯಾರಾದರೂ ಬೇಕು, ದೇಶದೊಳಗೇ ಇರುವವರು ಬೇಕು. ವೀಸಾದ ವ್ಯವಸ್ಥೆ ಶಾಲೆಯದೇ. ನವೆಂಬರ್ ಏಳು, ಶನಿವಾರ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನಿನಲ್ಲಿ ಇಪ್ಪತ್ತು ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು, ಪ್ರಿನ್ಸಿಪಾಲರು ನೋಡುತ್ತಾರೆ.

ನನಗೆ ಆ ಕೆಲಸ ಬೇಕಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಈ ದೇಶದಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಯಾವ ಅರ್ಜಿ ತುಂಬಿದರೂ ಉದ್ಯೋಗ ಎನ್ನುವ ಜಾಗದಲ್ಲಿ ಎಂಟು ವರ್ಷ ಗೆರೆ ಎಳೆದಿದ್ದೆ. ಮಗಳು ಗಾನವಿಗೆ ಆಗ ಹದಿನೇಳು. ಅವಳಿಗೆ ಅಮ್ಮ ಪಾಠ ಮಾಡುತ್ತಿದ್ದಳು ಎನ್ನುವುದು, ತಾತ ಕುದುರೆ ಸಾಕಿದ್ದರು ಎನ್ನುವಂಥ ಒಂದು ಹಳೆಯ ಸುದ್ದಿ.

ನ್ಯೂಟನ್ನನ ಮೂರನೇ ನಿಯಮ ಪಾಠ ಮಾಡುವುದು, ಕೊನೆಯಲ್ಲಿ ಮೈದಾನದಿಂದ ರಾಕೆಟ್ ಹಾರಿಸಿ ತೋರಿಸುವುದು ಎಂದು ನಿಶ್ಚಯವಾಯಿತು. ತ್ರಿವಿಕ್ರಮ ನನಗಿಂತ ಹೆಚ್ಚು ಉತ್ಸಾಹದಲ್ಲಿದ್ದರು. ಗುರುವಾರ ಬಚ್ಚಲಲ್ಲಿ ಒಂದು ಹೊಸ ಬಾಟಲಿಯನ್ನು ತೊಂಬತ್ತರ ತನಕ ಪರೀಕ್ಷೆ ಮಾಡಿ, ಟಿಕ್ ಹಾಕಿ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಒಣಗಲು ಇಟ್ಟರು.

ಶುಕ್ರವಾರ ಬೆಳಿಗ್ಗೆ ಗಾನವಿ ಕಸ ಹಾಕಿ ಬಂದವಳು ಒಂದು ಸುದ್ದಿ ತಂದಳು. ಸರೋಜಕ್ಕನ ಯಜಮಾನರಿಗೆ ಪಾಸಿಟಿವ್, ಅವರನ್ನು ಕರೆದುಕೊಂಡು ಹೋಗಿದ್ದಾರೆ, ಸರೋಜಕ್ಕನ ಕೈಗೆ ಗುಲಾಬಿ ಪಟ್ಟಿ ಕಟ್ಟಿ ಮನೆಯೊಳಗೆ ಇರಲು ಹೇಳಿದ್ದಾರೆ. ಕಟ್ಟೆಯ ಮೇಲಿದ್ದ ಬಾಟಲಿ ಮಂಗಳವಾರ ಆ ಮನೆಯಿಂದ ಬಂದದ್ದು. ಅದನ್ನು ಅವರು ಬಾಯಿಟ್ಟು ಕುಡಿದಿರಲೂಬಹುದು.

ಆ ದಿನಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಹಾಲಿನ ಡಬ್ಬ, ಕೊತ್ತಂಬರಿ ಸೊಪ್ಪು, ಚಿಲ್ಲರೆ ನಾಣ್ಯ, ಮಾಮಕ್ ಹೋಟೆಲಿನಿಂದ ತಪಾವ್ ಮಾಡಿ, ಅಂದರೆ ಕಟ್ಟಿಸಿಕೊಂಡು, ತಂದ ರೊಟ್ಟಿಯ ಪೊಟ್ಟಣ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಬಿಸಿನೀರಿನ ಅಭ್ಯಂಜನವಾಗುತ್ತಿತ್ತು. ನಾನು ಯೋಚನೆಯನ್ನೇ ಮಾಡಲಿಲ್ಲ. ಕೆಟಲಿನಲ್ಲಿ ಕುದಿಯುತ್ತಿದ್ದ ನೀರನ್ನು ಬಾಟಲಿಯ ಒಳಗೂ ಹೊರಗೂ ಸುರಿದೆ. ಅದು ಚಟ್ ಎಂದು ಸಣ್ಣ ಸದ್ದು ಮಾಡಿತು. ಸೊಂಟದ ಹತ್ತಿರ ಸ್ವಲ್ಪ ಒಳಗೆ ಎಳೆದುಕೊಂಡ ಹಾಗೆ ಕಂಡಿತು. ಸೋಪು ಹಾಕಿ ತೊಳೆದು, ಇದ್ದಲ್ಲೇ ಇಟ್ಟೆ. ಟಿಕ್ ಮಾತ್ರ ಅಳಿಸಿಹೋಗಲಿಲ್ಲ. ಒಳ್ಳೆಯ ಮಾರ್ಕರು.

ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೆನೋ ಲೆಕ್ಕವಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಮಧ್ಯಾಹ್ನ ಅವರು ರೆಕ್ಕೆ ಅಂಟಿಸಲು ಕೂತರು. ರೆಕ್ಕೆಗಳ ಜಾಗ ಗುರುತಿಸಲು ಬಾಟಲಿಗೆ ಸುತ್ತುವ ಒಂದು ಕಾಗದದ ಪಟ್ಟಿ ಇತ್ತು, ಪ್ರತಿ ಸಲ ಅದೇ. ಅಂದು ಸುತ್ತಿದಾಗ ಒಂದು ಬೆರಳಷ್ಟು ಹೆಚ್ಚಾಯಿತು. ಇದೇನು ಎಂದುಕೊಂಡು, ಪಟ್ಟಿ ತಪ್ಪು ಕತ್ತರಿಸಿದ್ದೇನೆ ಎಂದು ತಮ್ಮನ್ನೇ ಬೈದುಕೊಂಡು, ಬೇರೆ ಕತ್ತರಿಸಿದರು. ನಾನು ಅಲ್ಲೇ ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಒಂದು ಕ್ಷಣ ಕೆಟಲ್ ನೆನಪಾಯಿತು. ಹೇಳಿದರೆ ಬೇರೆ ಬಾಟಲಿ ಹುಡುಕಬೇಕು, ಮತ್ತೆ ಪರೀಕ್ಷೆ, ಮತ್ತೆ ರೆಕ್ಕೆ. ನನ್ನ ಟಿಪ್ಪಣಿ ಇನ್ನೂ ಅರ್ಧ ಉಳಿದಿತ್ತು. ಅಷ್ಟಕ್ಕೇನೂ ಆಗದು ಎಂದು ಆ ನೆನಪನ್ನು ಬಿಟ್ಟುಬಿಟ್ಟೆ. ಆ ಕ್ಷಣದ ಬಗ್ಗೆ ಆಮೇಲೆ ನಾನು ಬೇಕಾದಷ್ಟು ಸಲ ಯೋಚಿಸಿದ್ದೇನೆ. ಮರೆತಿದ್ದೆ ಎಂದು ಹೇಳಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಮೈಸೂರಿನಿಂದ ಅಮ್ಮ ಫೋನ್ ಮಾಡಿ, ಒಂಬತ್ತರಿಂದ ಹತ್ತೂವರೆ ರಾಹುಕಾಲ, ಅರ್ಧ ಗಂಟೆ ಮುಂದೆ ಹಾಕಿಸಬಾರದೇ ಎಂದಳು. ನಾನು ವಿಜ್ಞಾನದ ಟೀಚರ್ ಎಂದು ನಕ್ಕೆ.

ಪಾಠ ಚೆನ್ನಾಗಿ ಹೋಯಿತು. ಅಷ್ಟು ವರ್ಷದ ಮೇಲೂ ಮಾತು ನಾಲಿಗೆಯಲ್ಲಿ ಇದ್ದಲ್ಲೇ ಇತ್ತು. ಮಕ್ಕಳು ಪ್ರಶ್ನೆ ಕೇಳಿದರು. ಗಾನವಿ ಫೋನ್ ಹಿಡಿದು ನನ್ನ ಹಿಂದೆ ಮೈದಾನಕ್ಕೆ ಇಳಿದಳು. ತ್ರಿವಿಕ್ರಮ ಮಾಸ್ಕ್ ಹಾಕಿಕೊಂಡು, ಐದು ಮೀಟರ್ ದೂರದಲ್ಲಿ ಪಂಪಿನ ಹಿಂದೆ ನಿಂತಿದ್ದರು. ನಾನು ಮುಳ್ಳು ನೋಡುತ್ತ ಮಕ್ಕಳಿಗೆ ಗಟ್ಟಿಯಾಗಿ ಹೇಳುತ್ತ ಹೋದೆ. ಮೂವತ್ತು ಪೌಂಡ್. ನಲವತ್ತು. ಐವತ್ತು. ಹಾರಿಸುವುದು ಎಪ್ಪತ್ತಕ್ಕೆ ಎಂದು ಮಾತಾಗಿತ್ತು.

ಐವತ್ತೈದಕ್ಕೆ ಒಡೆಯಿತು. ಆ ಸದ್ದಿಗೆ ಮೂರು ಬ್ಲಾಕಿನ ಬಾಲ್ಕನಿಗಳಿಗೆ ಜನ ಬಂದರು. ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. ಒಂದು ರೆಕ್ಕೆ ಹಾರಿ ತ್ರಿವಿಕ್ರಮರ ಮೊಣಕೈ ಗೀರಿತು. ನೀರು ನನ್ನ ಸೀರೆಯ ಮೇಲೆಲ್ಲ ಬಿತ್ತು.

ಫೋನಿನಲ್ಲಿ ಇಪ್ಪತ್ತು ಮುಖಗಳು ಪರದೆಯ ಹತ್ತಿರಕ್ಕೆ ಬಗ್ಗಿದವು. ಒಬ್ಬ ಹುಡುಗಿ, ಇದು ಹೀಗೇ ಆಗಬೇಕಿತ್ತೇ ಮಿಸ್ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ತ್ರಿವಿಕ್ರಮ ಫೋನಿನ ಮುಂದೆ ಬಂದು, ಇಂಗ್ಲಿಷಿನಲ್ಲಿ, ಕ್ಷಮಿಸಿ, ರಾಕೆಟ್ ಮಾಡಿದ್ದು ನಾನು, ತಪ್ಪು ನನ್ನದು, ನಿಮ್ಮ ಟೀಚರದ್ದಲ್ಲ ಎಂದರು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ನನಗೆ ಮೊದಲು ಅನಿಸಿದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು.

ನಾನು ಆ ಸಮಾಧಾನದ ಮೇಲೆ ನಿಂತು ಪಾಠ ಮುಂದುವರಿಸಿದೆ. ಒತ್ತಿದ ಗಾಳಿಯಲ್ಲಿ ಎಷ್ಟು ಶಕ್ತಿ ಕೂಡಿರುತ್ತದೆ, ಪರೀಕ್ಷೆಯನ್ನು ನೀರು ತುಂಬಿ ಏಕೆ ಮಾಡಬೇಕು, ದೂರ ಏಕೆ ನಿಲ್ಲಬೇಕು, ಎಲ್ಲ ಹೇಳಿದೆ. ಸ್ವರ ಒಂದಿಷ್ಟೂ ನಡುಗಲಿಲ್ಲ. ಪ್ರಿನ್ಸಿಪಾಲರು ಕೊನೆಯಲ್ಲಿ, ಉಪಕರಣ ಕೈಕೊಟ್ಟರೂ ನೀವು ಪಾಠ ಕೈಬಿಡಲಿಲ್ಲ, ನಮಗೆ ಇಂಥವರೇ ಬೇಕು ಎಂದರು. ಅಷ್ಟು ಹೊತ್ತೂ ತ್ರಿವಿಕ್ರಮ ಹುಲ್ಲಿನಲ್ಲಿ ಬಗ್ಗಿ ಚೂರುಗಳನ್ನು ಹೆಕ್ಕುತ್ತಿದ್ದರು. ಟಿಕ್ ಇದ್ದ ಚೂರನ್ನು ಒಂದಿಷ್ಟು ಹೊತ್ತು ನೋಡಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಗಾನವಿ, “ಇಟ್ಸ್ ಜಸ್ಟ್ ಎ ಬಾಟಲ್ ಲಾ, ಪಪ್ಪಾ” ಎಂದು ಇಲ್ಲಿನ ಮಕ್ಕಳ ಧಾಟಿಯಲ್ಲಿ ಹೇಳಿದಳು.

ಒಡೆದದ್ದಕ್ಕೆ ದೂರಲು ಅಮ್ಮನಿಗೆ ರಾಹುಕಾಲ ಸಿಕ್ಕಿತು, ಶಾಲೆಯವರಿಗೆ ನನ್ನ ಗಂಡ ಸಿಕ್ಕರು. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ಡಿಸೆಂಬರ್ ಮೊದಲ ವಾರ ನೇಮಕದ ಪತ್ರ ಬಂತು.

ಆದರೆ ತ್ರಿವಿಕ್ರಮ ಮತ್ತೆ ರಾಕೆಟ್ ಮುಟ್ಟಲಿಲ್ಲ. ಪಂಪನ್ನು ಸ್ಟೋರ್ ರೂಮಿನ ಮೇಲಿನ ಅಟ್ಟಕ್ಕೆ ಏರಿಸಿದರು. ಸರೋಜಕ್ಕನ ಯಜಮಾನರು ಗುಣವಾಗಿ ಬಂದರು, ಬಾಗಿಲ ಹಿಡಿಗೆ ಮತ್ತೆ ಬಾಟಲಿ ನೇತಾಡತೊಡಗಿತು. ಇವರು ಅದನ್ನು ತೆಗೆದು ಹಾಗೇ ಕಸದ ಕೋಣೆಗೆ ಸಾಗಿಸಿದರು. ಶನಿವಾರ ಬೆಳಿಗ್ಗೆ ಮತ್ತೆ ಹಾಲ್‌ನಿಂದ ಬಾಲ್ಕನಿಗೆ ಹೆಜ್ಜೆ ಎಣಿಸತೊಡಗಿದರು. ಪರೀಕ್ಷೆ ಪಾಸಾದ ಬಾಟಲಿಯೇ ಒಡೆದದ್ದರಿಂದ ಪಾಪ ಧೈರ್ಯ ಹೋಗಿದೆ ಎಂದು ನಾನು ಅಂದುಕೊಂಡೆ. ಹೇಳಿಬಿಡಬೇಕು ಎಂದು ಪ್ರತಿದಿನ ಅನಿಸುತ್ತಿತ್ತು. ಮೊದಲು ಪತ್ರ ಬರಲಿ ಎಂದೆ. ಬಂದ ಮೇಲೆ, ವೀಸಾ ಆಗಲಿ ಎಂದೆ. ವೀಸಾ ಆದ ಮೇಲೆ ಹೊಸ ವರ್ಷದ ಹೊತ್ತಿಗೆ ಯಾಕೆ ಎಂದೆ. ಅವರು ನನ್ನನ್ನು ಮೇಡಂ ಎಂದು ಕರೆಯುವುದನ್ನೂ ಬಿಟ್ಟಿದ್ದರು. ಅದನ್ನು ನಾನು ಗಮನಿಸಿದ್ದೆ, ಕಾರಣವನ್ನು ಮಾತ್ರ ನನಗೆ ಬೇಕಾದ ಹಾಗೆ ಊಹಿಸಿಕೊಂಡಿದ್ದೆ.

ಜನವರಿಯಲ್ಲಿ ಊರು ಮತ್ತೆ ಮುಚ್ಚಿತು, ನನ್ನ ಮೊದಲ ತರಗತಿಗಳೂ ಆನ್‌ಲೈನಿನಲ್ಲೇ ಶುರುವಾದವು. ಊಟದ ಮೇಜು ನನ್ನ ಶಾಲೆ, ಮಲಗುವ ಕೋಣೆ ಅವರ ಆಫೀಸು. ನಡುವೆ ಒಂದು ಗೋಡೆ, ಗಾಳಿಗೆಂದು ಸದಾ ತೆರೆದಿಟ್ಟ ಒಂದು ಬಾಗಿಲು. ಅವರ ಮೀಟಿಂಗುಗಳೆಲ್ಲ ನನಗೆ ಬಾಯಿಪಾಠ, ನನ್ನ ಪಾಠಗಳು ಅವರಿಗೆ.

ಎರಡನೇ ದಿನವೇ ಆ ಹುಡುಗಿ ಕೈಯೆತ್ತಿದಳು. ನವೆಂಬರಿನಲ್ಲಿ ಪ್ರಶ್ನೆ ಕೇಳಿದವಳೇ. ಮಿಸ್, ಆ ರಾಕೆಟ್ ಯಾಕೆ ಒಡೆಯಿತು ಎಂದು ಆಮೇಲೆ ಕಂಡುಹಿಡಿದಿರಾ ಎಂದಳು. ಅವಳು ಸಹಜವಾಗಿ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೆನ್ನೆ ಒರೆಸಿಕೊಂಡೆ.

ಮೈಸೂರಿನಲ್ಲಿ ಒಮ್ಮೆ ಒಬ್ಬ ಹುಡುಗಿ ಲೋಲಕದ ಪ್ರಯೋಗದಲ್ಲಿ ಉತ್ತರ ಪುಸ್ತಕದಲ್ಲಿದ್ದ ಹಾಗೆ ಒಂಬತ್ತು ಪಾಯಿಂಟ್ ಎಂಟು ಬರಲೆಂದು ಅಂಕಿ ತಿದ್ದಿದ್ದಳು. ನಾನು ಅವಳ ರೆಕಾರ್ಡ್ ಪುಸ್ತಕವನ್ನು ಕಿಟಕಿಯಿಂದ ಹೊರಗೆ ಎಸೆದಿದ್ದೆ. ಬಂದದ್ದನ್ನು ಬರಿ, ಬರಬೇಕಾದದ್ದನ್ನು ಬರೆಯಬೇಡ ಎಂದು ಇಡೀ ತರಗತಿಯ ಮುಂದೆ ಬೈದಿದ್ದೆ. ಆ ಮಗು ಅತ್ತುಬಿಟ್ಟಿತ್ತು. ಅದರ ಮುಖ ನನಗೆ ಆ ಮೇಜಿನ ಮುಂದೆ ನೆನಪಾಯಿತು.

ಒಂದು ನಿಮಿಷ ಇರಿ ಎಂದು ಎದ್ದೆ. ಅಂದು ಬೆಳಿಗ್ಗೆಯಷ್ಟೇ ಬಂದು ಬಾಗಿಲಲ್ಲಿದ್ದ ಕಿತ್ತಳೆ ಸೋಡಾದ ಬಾಟಲಿ ತಂದೆ. ಕೆಟಲಿನಲ್ಲಿ ನೀರು ಕುದಿಸಿದೆ. ಕ್ಯಾಮೆರಾದ ಮುಂದೆ ಒಂದು ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ ನೀರು ಸುರಿದೆ. ಚಟ್ ಎಂದಿತು. ಸೊಂಟ ಒಳಗೆ ಹೋಯಿತು. ರಾಕೆಟ್ ಮಾಡಿದವರದು ತಪ್ಪಿರಲಿಲ್ಲ, ಅವರು ಪರೀಕ್ಷೆ ಮಾಡಿಯೇ ಇಟ್ಟಿದ್ದರು, ಆಮೇಲೆ ಅದಕ್ಕೆ ಬಿಸಿನೀರು ಸುರಿದವಳು ನಾನು ಎಂದೆ. ಎದುರು ಮನೆಯ ಕಾಯಿಲೆಗೆ ಹೆದರಿ ಸುರಿದೆ, ಕುಗ್ಗಿದ್ದನ್ನು ಕಂಡೆ, ಕಂಡರೂ ಹೇಳಲಿಲ್ಲ, ಆ ದಿನ ಅವರು ತಪ್ಪು ತಮ್ಮದೆಂದಾಗಲೂ ಸುಮ್ಮನಿದ್ದೆ ಎಂದೆ. ಎಲ್ಲವನ್ನೂ ಇಂಗ್ಲಿಷಿನಲ್ಲಿ, ಟೀಚರಿನ ಸ್ವರದಲ್ಲೇ ಹೇಳಿದೆ. ಕನ್ನಡದಲ್ಲಿ, ಗಂಡನ ಮುಖ ನೋಡಿಕೊಂಡು ಹೇಳಲು ನನಗೆ ಎರಡು ತಿಂಗಳಿಂದ ಬಾಯಿ ಬಂದಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೀಬೋರ್ಡಿನ ಸದ್ದು ನಿಂತಿತ್ತು.

ತರಗತಿ ಮುಗಿದ ಮೇಲೂ ಅವರು ಹೊರಗೆ ಬರಲಿಲ್ಲ. ಊಟಕ್ಕೆ ಒಂದೂವರೆಗೆ ಬಂದರು. ಹುಳಿ ಬಡಿಸಿದೆ. ಜೇಬಿನಿಂದ ಒಂದು ಪ್ಲಾಸ್ಟಿಕ್ ಚೂರು ತೆಗೆದು ಮೇಜಿನ ಮೇಲಿಟ್ಟರು. ಟಿಕ್ ಗುರುತು ಹಾಗೇ ಇತ್ತು.

“ಅವತ್ತು ಸಂಜೆನೇ ಅಳೆದಿದ್ದೆ. ಹಳೇ ಪಟ್ಟಿ ಬೇರೆ ಬಾಟಲಿಗೆ ಸರಿಯಾಗೇ ಇತ್ತು, ಈ ಬಾಟಲಿನೇ ಕುಗ್ಗಿತ್ತು. ಈ ಮನೇಲಿ ಎಲ್ಲಕ್ಕೂ ಬಿಸಿನೀರು ಸುರಿಯೋಳು ನೀನೊಬ್ಳೇ” ಎಂದರು.

ನಾನು ಹುಳಿಯ ಸೌಟು ಕೆಳಗಿಟ್ಟೆ.

“ಗೊತ್ತಿದ್ದೂ ಯಾಕ್ರೀ ಸುಮ್ನಿದ್ರಿ?”

“ಆಗ ಹೇಳಿದ್ರೆ ನಿಂಗೆ ಕೆಲಸ ಸಿಗ್ತಿತ್ತಾ?”

“ಸಿಕ್ಕಿದ ಮೇಲೆ?”

“ಸಿಕ್ಕಿದ ಮೇಲೆ ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ.” ಅವರು ಅನ್ನ ಕಲಸುತ್ತ, ತಲೆ ಎತ್ತದೆ ಹೇಳಿದರು. “ಬಾಟಲಿ ಒಡೀತು ಅಂತ ಬಿಟ್ಟಿದ್ದಲ್ಲ ಕಣೇ ನಾನು. ಪಂಪ್ ಕೈಗೆ ತಗೊಂಡ್ರೆ ಅದೇ ನೆನಪಾಗ್ತಿತ್ತು.”

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಊಟ ಮುಗಿಸಿದರು. ಅದೂ ನ್ಯಾಯವೇ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು ನಡೆಯಿತು. ಶನಿವಾರ ಬೆಳಿಗ್ಗೆ ಕಾಫಿ ಕುಡಿದು, ಸ್ಟೂಲು ಹಾಕಿಕೊಂಡು ಅಟ್ಟದಿಂದ ಪಂಪ್ ಇಳಿಸಿದರು. ಮೈದಾನಕ್ಕೆ ಹೋಗುವ ಹಾಗಿರಲಿಲ್ಲ, ಪರೀಕ್ಷೆಗೆ ಬಚ್ಚಲು ಸಾಕಲ್ಲ. ಸ್ಟೋರ್ ರೂಮಿನ ಬಾಗಿಲ ಮುಂದೆ ನಿಂತು ನನ್ನನ್ನು ಕರೆದು, ಕೈಗೆ ಪೆನ್ನು ಕೊಟ್ಟರು. ಎಂಟನೇ ನಿಯಮದ ಕೆಳಗೆ ಖಾಲಿ ಜಾಗವಿತ್ತು. ನಾನು ಬರೆದೆ: ‘೯. ಬಾಟಲಿಗೆ ಬಿಸಿನೀರು ಕೂಡದು. ಸುರಿದಿದ್ದರೆ ತಕ್ಷಣ ಹೇಳತಕ್ಕದ್ದು.’ ಅವರು ಓದಿ, ‘ತಕ್ಷಣ’ ಎನ್ನುವುದರ ಕೆಳಗೆ ಒಂದು ಗೆರೆ ಎಳೆದರು.

ಬಚ್ಚಲಿನಲ್ಲಿ ಒಂದು ಹೊಸ ಬಾಟಲಿಗೆ ಕಂಠದ ತನಕ ತಣ್ಣೀರು ತುಂಬಿದರು. ಪಂಪನ್ನು ನನ್ನ ಕಡೆ ಸರಿಸಿ, ತಾವು ನೋಟ್‌ಬುಕ್ ಹಿಡಿದು ಬಾಗಿಲಾಚೆ ನಿಂತರು. ಅಷ್ಟು ದಿನ ಪಂಪ್ ಹೊಡೆಯುವವರು ಅವರು, ಮುಳ್ಳು ನೋಡುವವಳು ಮಾತ್ರ ನಾನು. ಈಗ ಎರಡೂ ನನ್ನ ಪಾಲಿಗೆ ಬಂದವು. ಐವತ್ತು ದಾಟುವಾಗ ಭಯವಾಯಿತು. ಎಂಬತ್ತರ ಮೇಲೆ ರಟ್ಟೆ ಸೋತು ಹೋಯಿತು. ಎಷ್ಟೇ ಒತ್ತಿದರೂ ಮುಳ್ಳು ಮುಂದೆ ಹೋಗಲಿಲ್ಲ.

“ಎಷ್ಟು ಬಂತು?” ಎಂದರು ಹೊರಗಿನಿಂದ.

“ಎಂಬತ್ತೇಳು.”

“ಹತ್ರ ಹತ್ರ ತೊಂಬತ್ತೇ ಅಲ್ವಾ ಮೇಡಂ. ತೊಂಬತ್ತು ಅಂತ ಬರ್ಕೊಳ್ಲಾ?”

ನಾನು ಬೆವರು ಒರೆಸಿಕೊಂಡು ಮುಳ್ಳನ್ನು ಇನ್ನೊಮ್ಮೆ ನೋಡಿದೆ.

“ಬೇಡ ರೀ,” ಎಂದೆ. “ಎಂಬತ್ತೇಳೇ ಬರೀರಿ.”